ತೊಟ್ಟಿಲ ಕಾಲು ಕಡೆದ ಕೈ

"ಇನ್ನು ಮೇಲೆ ಈ ಕೈ ಕಳಪೆ ಉಳಿಯನ್ನ ಮುಟ್ಟೋದಿಲ್ಲ!" ಎಂದು ನಾನು ಹಜಾರದ ನಟ್ಟನಡುವೆ ನಿಂತು ಘೋಷಿಸಿದೆ. ಕೇಳಲು ಇದ್ದವಳು ಹೆಂಡತಿ ಒಬ್ಬಳೇ. ಅವಳೂ ಹುರುಳಿಕಾಯಿ ನಾರು ಬಿಡಿಸುತ್ತಿದ್ದಳು.

ಹಿತ್ತಲ ಶೆಡ್ಡಿನಲ್ಲಿ ನನ್ನದೊಂದು ಮರ ಕಡೆಯುವ ಲೇತ್ ಇದೆ. ಅದರ ಜೊತೆ ಬಂದ, ಕಲಿಯುವವರ ಅಗ್ಗದ ಉಳಿಗಳಲ್ಲಿ ಇಷ್ಟು ದಿನ ಬುಗುರಿ ಕಡೆದದ್ದಾಯಿತು. ಈಗ ಬೇಕಿದ್ದದ್ದು ತೊಟ್ಟಿಲು! ಭಾನುವಾರ ಸಂಜೆ ಮಗಳು ಕೂಸನ್ನೆತ್ತಿಕೊಂಡು ಬರುವವಳಿದ್ದಳು. ಮೇಲಿನ ಚೌಕಟ್ಟು ಸಿದ್ಧವಿತ್ತು, ನಾಲ್ಕು ಕಾಲು ಮಾತ್ರ ಬಾಕಿ. ಆಗದಿದ್ದರೆ ಪ್ಲಾಸ್ಟಿಕ್ ತೊಟ್ಟಿಲು ತರುತ್ತೇವೆಂದು ಬೀಗರು ಹೇಳಿಕಳಿಸಿದ್ದರು. ನನ್ನ ಮೊಮ್ಮಗು ಪ್ಲಾಸ್ಟಿಕ್ಕಿನಲ್ಲಿ! ನೆನೆದರೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ ಮೇಲ್ದರ್ಜೆಯ ಉಕ್ಕಿನ ಉಳಿಗಳನ್ನು ತರಿಸಿದ್ದೆ.

"ಹಳೇವನ್ನ ಏನ್ಮಾಡ್ತೀರಿ?"

"ಅಟ್ಟಕ್ಕೆ!"

ಹೊಸ ಉಳಿ ಮೊದಲು ಕೊಯ್ದದ್ದು ನನ್ನ ಹೆಬ್ಬೆರಳನ್ನು. ಹೆಂಡತಿ ಬ್ಯಾಂಡೇಜು ಸುತ್ತಿದಳು. ಮತ್ತೆ ಹೋಗಿ ಮರಕ್ಕೆ ತಾಗಿಸಿದರೆ ಉಳಿ ಕಚ್ಚಿಕೊಂಡು, ತೊಟ್ಟಿಲ ಕಾಲಿನಲ್ಲಿ ದೊಡ್ಡ ಹೊಂಡ! ಬೇಸರದಿಂದ ಉಳಿಗಳನ್ನು ಪೆಟ್ಟಿಗೆಗೆ ತುಂಬಿಟ್ಟು, ಮಧ್ಯಾಹ್ನ ಉಂಡು ಮಲಗಿದೆ.

ಸಂಜೆ ಶೆಡ್ಡಿಗೆ ಹೋದವನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಕಾಲು ಪೂರ್ತಿಯಾಗಿತ್ತು! ಹೊಂಡವಿದ್ದಲ್ಲಿ ಹೂಜಿಯ ಕೊರಳಿನಂಥ ಚಂದದೊಂದು ತಿರುವು ಮೂಡಿತ್ತು. ಹೊಸ ಉಳಿಗಳು ಪೆಟ್ಟಿಗೆಯಲ್ಲೇ ಇದ್ದವು. ಅಟ್ಟಕ್ಕೆ ಸೇರಿದ್ದ ಹಳೆಯ ಉಳಿ ಮೇಜಿನ ಮೇಲೆ ಮಲಗಿತ್ತು. ಮುಟ್ಟಿದೆ. ಇನ್ನೂ ಬೆಚ್ಚಗಿತ್ತು.

ಹೆಂಡತಿಗೆ ಹೇಳಲು ಮಾನ ಅಡ್ಡ ಬಂತು. "ನೋಡಿದ್ಯಾ, ಹೊಸ ಉಳಿಯ ಪ್ರತಾಪ!" ಎಂದುಬಿಟ್ಟೆ.

"ನೋಡ್ದೆ, ನೋಡ್ದೆ" ಎಂದಳು. ನಗಲಿಲ್ಲ.

ಮರುದಿನವೂ, ಅದರ ಮರುದಿನವೂ ಅದೇ ಕಥೆ. ನಾನು ಕೆಡಿಸಿದ್ದನ್ನು ಯಾರೋ ಮಧ್ಯಾಹ್ನ ಸರಿಮಾಡುತ್ತಿದ್ದರು. ಅಟ್ಟದಲ್ಲಿ ಹಗ್ಗ ಬಿಗಿದು ಕಟ್ಟಿಟ್ಟರೂ ಹಳೆಯ ಉಳಿಗಳು ಇಳಿದು ಬರುತ್ತಿದ್ದವು. ನಿದ್ದೆಯಿಂದೆದ್ದರೆ ನನ್ನ ದಿಂಬಿನ ಮೇಲೆ ಮರದ ಹೊಟ್ಟು! ಅಂದರೆ ಅದು ಕೆಲಸ ಮುಗಿಸಿ ನನ್ನ ಪಕ್ಕದಲ್ಲೇ ಬಂದು ಮಲಗುತ್ತಿತ್ತೇ?

ಅದು ಸಾಲದೆಂಬಂತೆ ಪಕ್ಕದ ಮನೆಯ ನರ್ಸಮ್ಮ ಬೇಲಿಯಾಚೆಯಿಂದ ಕರೆದು, "ನಿಮ್ಮ ಶೆಡ್ಡಲ್ಲಿ ಮಧ್ಯಾಹ್ನ ಯಾರಣ್ಣ ಜೋಗುಳ ಹಾಡೋದು? ಬದುಕಿರೋರ ಗಂಟಲಲ್ಲ ಬಿಡಿ ಅದು!" ಎಂದರು.

ಭಾನುವಾರ ಬಂತು. ಮೂರು ಕಾಲು ಮುಗಿದಿದ್ದವು. ನಾಲ್ಕನೆಯದು ಲೇತಿನಲ್ಲಿತ್ತು. ಭೂತವೋ ಪ್ರೇತವೋ, ಮೊಮ್ಮಗುವಿನ ತೊಟ್ಟಿಲಿಗೆ ಕೈ ಹಾಕಿದವರು ಯಾರೆಂದು ತಿಳಿಯದೆ ಕೂಸನ್ನು ಅದರಲ್ಲಿ ಮಲಗಿಸುವುದುಂಟೇ? ಊಟವಾದ ಮೇಲೆ ಶೆಡ್ಡಿನ ಬಾಗಿಲ ಹಿಂದೆ ಕುರ್ಚಿ ಹಾಕಿ, ಕೈಯಲ್ಲಿ ಪೊರಕೆ ಹಿಡಿದು ವೀರಾವೇಶದಿಂದ ಕಾವಲು ಕೂತೆ. ಹಂಚಿನ ಸಂದಿಯಿಂದ ಒಂದು ಎಳೆ ಬಿಸಿಲು. ಎಲ್ಲೂ ಸದ್ದಿಲ್ಲ. ರೆಪ್ಪೆ ಭಾರವಾಯಿತು.

ಕಣ್ಣು ಬಿಟ್ಟಾಗ ಲೇತ್ ಗುಂಯ್‌ಗುಡುತ್ತಿತ್ತು. ಯಾರೋ ಗೊಗ್ಗರು ದನಿಯಲ್ಲಿ ಜೋಗುಳ ಹಾಡುತ್ತಿದ್ದರು. ನನ್ನ ಕಣ್ಣೆದುರೇ ಎರಡು ಕೈಗಳು ಹಳೆಯ ಉಳಿ ಹಿಡಿದು ಮರದ ಮೇಲೆ ಮೆಲ್ಲಗೆ ಸರಿಯುತ್ತಿದ್ದವು. ಒಂದು ಕೈಯ ಹೆಬ್ಬೆರಳಿಗೆ ಬ್ಯಾಂಡೇಜು!

"ಅಯ್ಯಯ್ಯೋ!" ಎಂದು ಕಿರುಚಿದೆ. ಜೋಗುಳ ನಿಂತಿತು. ಟಕ್ಕೆಂದು ಲೇತೂ ನಿಂತಿತು. ಸ್ವಿಚ್ಚಿನ ಮೇಲೆ ಬೆರಳಿಟ್ಟು ಹೆಂಡತಿ ನಿಂತಿದ್ದಳು.

"ಛೇ! ಎಚ್ಚರ ಆಗೇಬಿಡ್ತಾ?"

"ಇದು... ನಾನಾ?"

"ಇನ್ಯಾರು? ದಿನಾ ನಿದ್ದೆಗಣ್ಣಲ್ಲೇ ಎದ್ದು ಅಟ್ಟ ಹತ್ತುತ್ತಿದ್ರಿ. ಏಣಿ ಹಿಡಿದು ಹಿಡಿದು ನನ್ನ ತೋಳು ಬಿದ್ದುಹೋಗಿದೆ. ಇಲ್ಲಿ ಸ್ವಿಚ್ ಕಾಯೋಳೂ ನಾನೇ!"

"ಹೇಳ್ಬಾರದಿತ್ತೇನೇ? ಹೆದರಿ ಅರ್ಧ ಪ್ರಾಣ ಹೋಯ್ತು!"

"ಹೇಳಿದ್ರೆ ಎಚ್ಚರದಲ್ಲಿ ಹೊಸ ಉಳಿ ಹಿಡೀತಿದ್ರಿ. ಆಮೇಲೆ ಪ್ಲಾಸ್ಟಿಕ್ಕೇ ಗತಿ!"

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸೋತೆನೆಂದು ಒಪ್ಪಿಕೊಂಡು, ಉಳಿದರ್ಧ ಕಾಲು ಮುಗಿಸೋಣವೆಂದು ಆ ಹಳೆಯ ಉಳಿಯನ್ನೇ ಮರಕ್ಕೆ ತಾಗಿಸಹೊರಟೆ. ಹೆಂಡತಿ ಗಬಕ್ಕನೆ ಕೈ ಹಿಡಿದಳು. ಬಾಗಿಲ ಹಿಂದಿನ ಕುರ್ಚಿಯನ್ನು ಎಳೆದು ತಂದು ಹಾಕಿದಳು.

"ಮಗಳು ಬರೋ ಹೊತ್ತಾಯ್ತು, ಕೆಲಸ ಕೆಡಿಸ್ಬೇಡಿ. ಸುಮ್ನೆ ಮಲಗಿ!"