ಊಟ ಆತೇನ್ರಿ ಎಂದು ಕೇಳುವ ವೆಬ್‌ಸೈಟು

ಮಿರಜದಲ್ಲಿ ನಮ್ಮ ಕಾಕಾನಷ್ಟು ಒಳ್ಳೆಯ ಮನುಷ್ಯರು ಇನ್ನೊಬ್ಬರಿಲ್ಲ. ಅವರ ವೆಬ್‌ಸೈಟಿನಷ್ಟು ಕೆಟ್ಟ ವೆಬ್‌ಸೈಟೂ ಇನ್ನೊಂದಿರಲಿಲ್ಲ. ಎರಡಕ್ಕೂ ಕಾರಣ ಒಂದೇ ಎಂದು ನನಗೆ ಹೊಳೆಯುವಷ್ಟರಲ್ಲಿ ತಲೆಯ ಅರ್ಧ ಕೂದಲು ಬೆಳ್ಳಗಾಗಿತ್ತು. ಉಳಿದರ್ಧ ಉದುರಿಹೋಗಿತ್ತು!

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮಿರಜ ಸ್ಟೇಷನ್ನಿನಿಂದ ದವಾಖಾನೆಗಳ ಕಡೆ ಹೋಗುವ ರಸ್ತೆಯಲ್ಲಿ ಹನ್ನೊಂದು ಕೋಣೆಗಳ ಲಾಡ್ಜ್ ಅವರದು. ಕರ್ನಾಟಕದಿಂದ ಪೇಶಂಟನ್ನು ಕರೆದುಕೊಂಡು ರೈಲಿಳಿಯುವವರೇ ಅವರ ಗಿರಾಕಿಗಳು. ನಾನೋ, ಸಾಂಗಲಿಯಲ್ಲಿ ಕುಳಿತು ಜನರಿಗೆ ವೆಬ್‌ಸೈಟು ಮಾಡಿಕೊಡುವವನು. ಊರವರೆಲ್ಲ ನನ್ನ ಮಾತು ಕೇಳುತ್ತಾರೆ. ಕಾಕಾ ಮಾತ್ರ ಕೇಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ, ಗೊತ್ತಲ್ಲ!

ಮೊದಲೆಲ್ಲ ಜನ ರೈಲಿಳಿದು ಕೇಳಿಕೊಂಡು ಬರುತ್ತಿದ್ದರು. ಈಗ ರೈಲಿನಲ್ಲೇ ಫೋನು ತೆಗೆದು ‘ಮಿರಜ ಲಾಡ್ಜ್’ ಎಂದು ಹುಡುಕುತ್ತಾರೆ. ಮೊದಲ ಪುಟದಲ್ಲಿ ಹೆಸರು ಬಂದವನು ಬದುಕಿದ. ಎರಡನೆಯ ಪುಟಕ್ಕೆ ಬಿದ್ದವನು ಗೋಡೆಗೆ ತೂಗಿದ ಕೀಲಿಗಳನ್ನು ನೋಡುತ್ತ ಕೂರಬೇಕು. ನಾನು ಮಾಡಿಕೊಟ್ಟಾಗ ಕಾಕಾನ ಲಾಡ್ಜ್ ಮೂರನೆಯ ಹೆಸರಾಗಿ ಬರುತ್ತಿತ್ತು. ಆಮೇಲೆ ಕಾಕಾ ಅದನ್ನು ಸುಧಾರಿಸಲು ಹೊರಟರು.

ಮೊದಲಿಗೆ ಅಜ್ಜನ ಫೋಟೋ. ಮಾಲೆ ಹಾಕಿದ್ದು, ರುಮಾಲಿನ ಎಳೆ ಎಳೆ ಕಾಣುವಷ್ಟು ದೊಡ್ಡದು. ಅದು ಫೋನಿನಲ್ಲಿ ಪೂರ್ತಿ ಇಳಿದು ಬರುವಷ್ಟರಲ್ಲಿ ರೈಲು ಒಂದು ಸ್ಟೇಷನ್ ದಾಟಿರುತ್ತಿತ್ತು.

“ಸ್ವಲ್ಪ ಸಣ್ಣದು ಮಾಡೂಣ್ರಿ ಕಾಕಾ,” ಎಂದೆ.

“ನಿಮ್ಮಜ್ಜ ಬದುಕಿರೂತನಕಾ ಯಾರ ಮುಂದೂ ಸಣ್ಣಾಂವ ಆಗಲಿಲ್ಲ. ಈಗ ಮೊಮ್ಮಗಾ ನೀ ಸಣ್ಣಾಂವನ್ನ ಮಾಡ್ತಿ?”

ಬೇಡವೆಂದರೆ ಬಿಡುವವರೇ? ಎರಡು ದಿನ ಫೋನು ಮಾಡುತ್ತಿದ್ದರು. ಮೂರನೆಯ ದಿನ ಸಾಂಗಲಿ ಬಸ್ಸು ಹತ್ತಿ ಬಂದು, ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು, ಕೆಲಸ ಆಗುವವರೆಗೂ ಏಳುತ್ತಿರಲಿಲ್ಲ. ನನಗೆ ಸಾಕಾಗಿ ಹೋಗುತ್ತಿತ್ತು. ಹಾಕಿಬಿಡುತ್ತಿದ್ದೆ.

ಆಮೇಲೆ ಬಂದದ್ದು ಸಂಗೀತ. ಲಾಡ್ಜಿನ ಹಿಂದಿನ ಗಲ್ಲಿಯಲ್ಲಿ ಸಿತಾರು ಮಾಡುವವರಿದ್ದಾರೆ. ಅವರು ನುಡಿಸಿದ್ದನ್ನು ಕಾಕಾ ತಮ್ಮ ಫೋನಿನಲ್ಲೇ ಹಿಡಿದು ತಂದರು. ಕೇಳಿದರೆ ಅದು ನುಡಿಸಿದ್ದೇ ಅಲ್ಲ, ತಂತಿ ಬಿಗಿ ಮಾಡಿದ್ದು! ವೆಬ್‌ಸೈಟು ತೆರೆದ ಕೂಡಲೇ ಟಂಯ್, ಟಂಯ್, ಟೊಂಯ್. ಒಬ್ಬರು ವಾರ್ಡಿನೊಳಗೆ ಕುಳಿತು ತೆರೆದರಂತೆ. ನರ್ಸಬಾಯಿ ಬೈದು ಹೊರಗೆ ಕಳಿಸಿದರಂತೆ, ಮಲಗಿದ್ದ ಪೇಶಂಟು ಬೆಚ್ಚಿ ಎದ್ದು ಕುಳಿತನಂತೆ.

“ನೋಡ್ರಿ, ಏನಾತು!” ಎಂದೆ.

“ಪೇಶಂಟ್ ಎದ್ದು ಕುಂತಾನಲ್ಲೋ! ಡಾಕ್ಟರಗ ಆಗಿದ್ದಿಲ್ಲ,” ಎಂದರು ಕಾಕಾ.

ಎಲ್ಲಕ್ಕಿಂತ ನನ್ನ ಜೀವ ತಿಂದದ್ದು ಆ ಪ್ರಶ್ನೆ. ಪುಟ ತೆರೆದವರ ಮುಂದೆ ಒಂದು ಚೌಕ ಬಂದು ನಿಲ್ಲುತ್ತಿತ್ತು: ‘ಊಟ ಆತೇನ್ರಿ?’ ಕೆಳಗೆ ‘ಆತು’, ‘ಇಲ್ಲ’ ಎಂಬ ಎರಡು ಗುಂಡಿ. ‘ಆತು’ ಎಂದರೆ ‘ಯಾವ ಊರು, ಯಾರ ಪೈಕಿ’ ಎಂಬ ಫಾರ್ಮು. ‘ಇಲ್ಲ’ ಎಂದರೆ ಮೊದಲು ಜೋಳದ ರೊಟ್ಟಿಯ ಚಿತ್ರ, ಆಮೇಲೆ ಅದೇ ಫಾರ್ಮು. ಕೋಣೆ ಎಲ್ಲಿದೆ? ಇವೆಲ್ಲ ಮುಗಿದ ಮೇಲೆ! ನಮ್ಮ ಮನೆತನದ ಅಂಗಡಿಗಳಲ್ಲಿ ಬಂದವರಿಗೆ ಬೆಲ್ಲ ನೀರು ಕೊಟ್ಟು, ಊರು ಕೇಳಿ, ಊಟ ಕೇಳಿದ ಮೇಲೆಯೇ ವ್ಯವಹಾರದ ಮಾತು. ಅದನ್ನು ಕಾಕಾ ಹಾಗೆಯೇ ಫೋನಿನೊಳಗೆ ತುರುಕಿದ್ದರು.

“ಮೂಲ್ಯಾಗ ಮುಚ್ಚೂ ಗುಂಡಿನರೆ ಇಡೂಣ್ರಿ. ಬ್ಯಾಡಾದವರು ಮುಚ್ಚತಾರ.”

“ಊಟ ಆತೇನು ಅಂತ ಕೇಳಿದವರ ಮಾರಿ ಮ್ಯಾಲ ಬಾಗಲಾ ಹಾಕ್ತಾರೇನೋ? ಮುಚ್ಚೂದು ಗಿಚ್ಚೂದು ಬ್ಯಾಡ.” ಅಷ್ಟು ಹಟ ಅವರು ಅಜ್ಜನ ಫೋಟೋಕ್ಕೂ ಮಾಡಿರಲಿಲ್ಲ.

ಆಗಬೇಕಾದದ್ದು ಆಯಿತು. ಮೂರನೆಯ ಹೆಸರು ಎಂಟಾಯಿತು, ಎರಡನೆಯ ಪುಟಕ್ಕೆ ಜಾರಿತು, ಆಮೇಲೆ ಎಲ್ಲಿ ಹೋಯಿತೋ ಹುಡುಕಿದ ನನಗೂ ಸಿಗಲಿಲ್ಲ. ಹನ್ನೊಂದರಲ್ಲಿ ಒಂಬತ್ತು ಕೋಣೆ ಖಾಲಿ. ಹೀಗೇ ಆದರೆ ದೀಪಾವಳಿಗೆ ಲಾಡ್ಜ್ ಮುಚ್ಚುವುದೇ ಸೈ ಎಂದು ಕಾಕಾನ ಹೆಂಡತಿ, ನಮ್ಮ ಕಾಕೂ, ಹೇಳತೊಡಗಿದರು.

ಕಾಕಾ ಬಂದು ಕುಳಿತರು. “ಈ ಸರ್ಚಿನ ಸಾಹೇಬ ಯಾವ ಊರಾಂವ? ಒಂದ ಚೀಲ ಭಡಂಗ ತಗೊಂಡು ಭೆಟ್ಟಿ ಆಗಿ ಬರೂಣು.”

ಸಾಂಗಲಿಯ ಖಾರ ಚುರುಮುರಿ ತಿಂದು ಸರ್ಚ್ ಇಂಜಿನ್ ನಮ್ಮನ್ನು ಮೇಲಕ್ಕೆತ್ತಬೇಕಂತೆ! “ಸಾಹೇಬ ಇಲ್ರಿ ಕಾಕಾ, ಅದೊಂದು ಮಷಿನ್ನು,” ಎಂದು ನೂರನೆಯ ಸಲ ಹೇಳಿದೆ. “ಬಂದ ಮಂದಿ ಕಾದು ಬ್ಯಾಸತ್ತು ಹೊಳ್ಳಿ ಹೋದ್ರ, ಈ ಮನಿ ಛಲೋ ಇಲ್ಲ ಅಂತ ತಿಳೀತೈತಿ. ಕೆಳಗ ದಬ್ಬತೈತಿ.”

“ನಮ್ಮ ಮನಿಂದ ಮಂದಿ ಬ್ಯಾಸತ್ತು ಹೋಗ್ತಾರ?” ಕಾಕಾನಿಗೆ ಅದು ನಂಬಿಕೆಯಾಗಲಿಲ್ಲ.

ಹೇಳಿ ಹೇಳಿ ಸೋತಿದ್ದೆ. ಮರುದಿನ ಅವರನ್ನು ಮಿರಜ ಸ್ಟೇಷನ್ನಿನ ಪ್ಲಾಟ್‌ಫಾರ್ಮಿಗೆ ಕರೆದೊಯ್ದು, “ಈಗಷ್ಟೇ ರೈಲ್ ಇಳದೇರಿ ಅಂತ ತಿಳೀರಿ. ನಿಮ್ಮ ಲಾಡ್ಜಿನ್ಯಾಗ ಒಂದು ರೂಮ್ ಹಿಡೀರಿ,” ಎಂದೆ. ಕಾಕಾ ತಮ್ಮ ಫೋನು ತೆಗೆದರು. ಪರದೆಯ ಮೇಲೆ ಅಜ್ಜ ಇಳಿಯತೊಡಗಿದರು. ರುಮಾಲು ಬಂತು, ಹಣೆ ಬಂತು, ಮೀಸೆಗೆ ಬಂದು ನಿಂತಿತು. ಸಿತಾರು ಟೊಂಯ್ ಎಂದಿತು. ಕಾಕಾ ‘ಇಲ್ಲ’ ಒತ್ತಿದರು, ರೊಟ್ಟಿ ಬಂತು. ಊರು ಬರೆದರು, ಫಾರ್ಮು ಒಪ್ಪಲಿಲ್ಲ. ಹಣೆಯಲ್ಲಿ ಬೆವರು.

“ಲೇ, ನನ್ನ ಲಾಡ್ಜಿನ್ಯಾಗ ನನಗ ರೂಮ್ ಸಿಗವಲ್ದೋ!”

ನಾನು ನಗಬೇಕೆನ್ನುವಷ್ಟರಲ್ಲಿ ಪಕ್ಕದ ಬೆಂಚಿನಲ್ಲಿ ಟೊಂಯ್ ಎಂದಿತು. ಎಕ್ಸ್-ರೇ ಲಕೋಟೆ ಬಗಲಲ್ಲಿ ಹಿಡಿದ ಒಬ್ಬ ಮನುಷ್ಯ ಯಾರೋ ಬರೆದುಕೊಟ್ಟ ಚೀಟಿ ನೋಡಿ ನಮ್ಮದೇ ಪುಟ ತೆರೆದು ಕಾಯುತ್ತಿದ್ದ. ಅವನ ಹೆಂಡತಿ ಹೊಟ್ಟೆ ಹಿಡಿದುಕೊಂಡು ಬಾಗಿದ್ದಳು. ಕಾಕಾ ಎದ್ದು ಹತ್ತಿರ ಹೋಗುವಷ್ಟರಲ್ಲಿ ಅವನು ಫೋನನ್ನು ಜೇಬಿಗೆ ಹಾಕಿ, ಎದುರು ಸಿಕ್ಕ ಬೇರೆ ಲಾಡ್ಜಿನ ಏಜೆಂಟನ ಕೈಗೆ ಚೀಲ ಕೊಟ್ಟು ನಡೆದುಬಿಟ್ಟ.

ಕಾಕಾ ವಾಪಸು ಬಂದು ತಮ್ಮ ಫೋನನ್ನು ನನ್ನ ಕೈಗಿಟ್ಟರು. “ಎಲ್ಲಾ ತಗಿ. ಅಪ್ಪನ ಫೋಟೋನೂ ತಗಿ,” ಎಂದರು. ಅವರ ದನಿ ಅಷ್ಟು ಇಳಿದದ್ದನ್ನು ನಾನು ಕೇಳಿರಲಿಲ್ಲ. ಗೆದ್ದೆನೆಂಬ ಖುಷಿ ನನಗೂ ಆಗಲಿಲ್ಲ.

ಎಲ್ಲ ತೆಗೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ತೆರೆಯತೊಡಗಿತು. ಹೆಸರು, ಊರು, ಫೋನು, ಪೇಶಂಟ್ ಯಾರು, ಇಷ್ಟೇ ಕೇಳುವುದು. ಮಳೆಗಾಲ ಮುಗಿಯುವಷ್ಟರಲ್ಲಿ ಲಾಡ್ಜ್ ಮತ್ತೆ ಮೊದಲ ಪುಟಕ್ಕೆ ಬಂತು, ಗೋಡೆಯ ಕೀಲಿಗಳು ಕೆಳಗಿಳಿದವು. ಆದರೆ ಕಾಕಾ ಒಂದೇ ಒಂದು ಸಲವೂ ನನ್ನನ್ನು ಹೊಗಳಲಿಲ್ಲ.

ಮೊನ್ನೆ ಮಧ್ಯಾಹ್ನ ಫಾರ್ಮು ಸರಿಯಾಗಿದೆಯೇ ಎಂದು ಪರೀಕ್ಷಿಸಲು ಆಫೀಸಿನ ಇನ್ನೊಂದು ಫೋನಿನಿಂದ ನಾನೇ ಒಂದು ಕೋಣೆ ಕಾದಿರಿಸಿದೆ. ಬಾಯಿಗೆ ಬಂದ ಹೆಸರು ಹಾಕಿದೆ. ಊರು ಅಥಣಿ ಎಂದು ಬರೆದೆ. ಪೇಶಂಟ್ ಯಾರು ಎಂದಲ್ಲಿ ಕೈ ತಾನಾಗಿಯೇ ‘ಅವ್ವ’ ಎಂದು ಬರೆಯಿತು.

ಎರಡು ನಿಮಿಷವೂ ಆಗಿರಲಿಲ್ಲ, ಆ ಫೋನು ರಿಂಗಾಯಿತು.

“ನಮಸ್ಕಾರ್ರಿ, ನಾ ಲಾಡ್ಜಿನಾಂವ ಮಾತಾಡ್ತೇನಿ. ಅವ್ವಾರಿಗೆ ಏನಾಗೇತ್ರಿ?”

ವೆಬ್‌ಸೈಟಿನಿಂದ ತೆಗೆಸಿದ ಪ್ರಶ್ನೆಗಳನ್ನೆಲ್ಲ ಕಾಕಾ ಪ್ರತಿಯೊಬ್ಬರಿಗೂ ಫೋನು ಮಾಡಿ ತಾವೇ ಕೇಳುತ್ತಿದ್ದರು! ನಗು ಬರಬೇಕಿತ್ತು. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

“ಮಾತಾಡಾಕ ಆಗವಲ್ದೇನ್ರಿ? ಇರ್ಲಿ ಬಿಡ್ರಿ. ಕೆಳಗಿನ ರೂಮ್ ಕೊಡ್ತೇನಿ, ಅವ್ವಾರಿಗೆ ಮೆಟ್ಟಲಾ ಹತ್ತೂದು ಬ್ಯಾಡ. ಬಿಸಿನೀರು ಇಟ್ಟಿರ್ತೇನಿ. ಹೆದರಬ್ಯಾಡ್ರಿ, ಬರ್ರಿ. ಊಟ ಆತೇನ್ರಿ?”

ಎರಡು ವರ್ಷದ ಹಿಂದೆ ಅವ್ವನನ್ನು ಇದೇ ಮಿರಜದ ದವಾಖಾನೆಗೆ ಸೇರಿಸಿ ಹದಿನೆಂಟು ದಿನ ಓಡಾಡಿದ್ದೆ. ಕೊನೆಗೆ ಒಬ್ಬನೇ ಮನೆಗೆ ಬಂದೆ. ಆ ಹದಿನೆಂಟು ದಿನವೂ ಕಾಕಾ ದವಾಖಾನೆಯ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತು “ಊಟ ಆತೇನೋ?” ಎಂದು ಕೇಳುತ್ತಿದ್ದರು. ನಾನು ಪ್ರತಿದಿನ “ಆತ್ರಿ” ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡು ಹೋಗುತ್ತಿದ್ದೆ. ಆ ಪ್ರಶ್ನೆಯನ್ನು ವೆಬ್‌ಸೈಟಿಗೆ ಹಾಕು, ಮುಚ್ಚುವ ಗುಂಡಿ ಇಡಬೇಡ ಎಂದು ಕಾಕಾ ಬಂದು ಕುಳಿತದ್ದು ಅವ್ವ ಹೋದ ಮರುತಿಂಗಳು. ಆಗ ನನಗೆ ಬರೀ ಸಿಟ್ಟು ಬಂದಿತ್ತು.

“ಇಲ್ರಿ, ಕಾಕಾ,” ಎಂದೆ.

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿತು.

“ಹತ್ತು ಮಿನಿಟಿಗೆ ಒಂದು ಬಸ್ ಐತಿ ಸಾಂಗಲಿಂದ,” ಎಂದರು ಕಾಕಾ. “ಹತ್ತಿ ಬಾ. ನಿಮ್ಮ ಕಾಕೂಗ ರೊಟ್ಟಿ ಬಡಿ ಅಂತೇನಿ.”