ತಡವಾಗಿ ಬರುವ ಕಾಗೆ

ನಮ್ಮ ಮನೆಯಲ್ಲಿ ಬದುಕಿರುವವರ ರಗಳೆ ಕಮ್ಮಿ. ಊರು ಬಿಟ್ಟು ಮೂರು ತಲೆಮಾರಾದರೂ ವರ್ಷಕ್ಕೊಂದು ಫಜೀತಿ ತಪ್ಪದೆ ತಂದಿಡುವವನು ಮುತ್ತಜ್ಜ ಒಬ್ಬನೇ.

ಕಾಗೆ

ಮುತ್ತಜ್ಜ ಅಂದರೆ ನಮ್ಮಜ್ಜಿಯ ಅಪ್ಪ. ಅಜ್ಜಿ ತೊಟ್ಟಿಲಲ್ಲಿದ್ದಾಗ ಮಿಲಿಟರಿ ಸೇರಿ ಎರಡನೇ ಮಹಾಯುದ್ಧಕ್ಕೆ ಹೋದನಂತೆ, ತಿರುಗಿ ಬರಲಿಲ್ಲ. ಯುದ್ಧದಲ್ಲಿ ಸತ್ತ ಅಂತ ಕೆಲವರು, ಮಲೇಶಿಯಾ ಕಡೆ ಇನ್ನೊಂದು ಸಂಸಾರ ಹೂಡಿದ ಅಂತ ಕೆಲವರು. ಅಜ್ಜಿ ಮಾತ್ರ ಪ್ರತಿ ಮಹಾಲಯ ಅಮಾವಾಸ್ಯೆಗೂ ಯಲಹಂಕದ ಪಕ್ಕದ ಅಲ್ಲಾಳಸಂದ್ರದ ನಮ್ಮ ಮನೆ ತಾರಸಿಯ ಮೇಲೆ ಅವನಿಗೆ ಮುದ್ದೆ, ಮಾಂಸದ ಸಾರಿನ ಎಡೆ ಇಡುತ್ತಾಳೆ. ಕಾಗೆ ಮುಟ್ಟುವ ತನಕ ಯಾರೂ ಉಣ್ಣುವಂತಿಲ್ಲ. ನಮ್ಮ ಕಾಗೆ ಬರುವುದು ಹೊತ್ತು ಇಳಿದ ಮೇಲೆ, ಅದೂ ಒಂದು ಕುಕ್ಕು ಕುಕ್ಕಿ ಹಾರಿಹೋಗುತ್ತದೆ. ಅಲ್ಲಿಯವರೆಗೆ ಶುಗರ್ ಇರುವ ಚಿಕ್ಕಪ್ಪ ಹಸಿದುಕೊಂಡು ಆಕಾಶ ನೋಡುತ್ತಿರುತ್ತಾರೆ. ಏರ್‌ಫೋರ್ಸ್ ನೆಲೆಯಿರುವ ಯಲಹಂಕದ ಆಕಾಶದಲ್ಲಿ ವಿಮಾನಕ್ಕೆ ಬರವಿಲ್ಲ. ಮುತ್ತಜ್ಜ ಏರ್‌ಫೋರ್ಸ್ ಸೇರಿದ್ದಿದ್ದರೆ ಇಷ್ಟೊತ್ತಿಗೆ ನಮ್ಮ ಊಟ ಆಗಿರ್ತಿತ್ತು ಅಂದರು ಹೋದ ವರ್ಷ.

ಗುರುತು

ಈ ವರ್ಷ ಹಬ್ಬ ಹತ್ತಿರ ಬಂದಾಗ ಅಜ್ಜಿ ಪಟ್ಟು ಹಿಡಿದಳು. "ಯುದ್ಧದಲ್ಲೇ ಸತ್ತಿದ್ರೆ ಸರಿ. ಬದುಕಿದ್ದೂ ನಮ್ಮನ್ನ ಮರ್ತಿದ್ರೆ, ಇನ್ಮೇಲೆ ನಾನು ಎಡೆ ಇಕ್ಕಲ್ಲ."

ತೊಂಬತ್ತರ ಹತ್ತಿರದ ಜೀವ. ನಿಜ ಗೊತ್ತಾಗದೆ ಹೋದರೂ ಕಷ್ಟ, ಗೊತ್ತಾದರೂ ಕಷ್ಟ ಅಂತ ನನಗೆ ಹೆದರಿಕೆ. ಹಳೇ ಸಿಪಾಯಿಗಳ ಜಾಡು ಹಿಡಿದುಕೊಡುತ್ತಾರೆಂದು ಹೆಬ್ಬಾಳದ ಒಬ್ಬ ನಿವೃತ್ತ ಸುಬೇದಾರರ ಮನೆಗೆ ಓಡಿದೆ. ನಂಬರು, ಪದವಿ, ಪಲ್ಟನ್ನು ಕೇಳಿದರು. ಒಂದೂ ಗೊತ್ತಿಲ್ಲ. ಮತ್ತೇನು ಗೊತ್ತು ಅಂದರು. ಕಪ್ಪಗಿದ್ದ, ಮೀಸೆ ಇತ್ತು, ಮುದ್ದೆ ಇಲ್ಲದೆ ಊಟ ಇಳೀತಿರಲಿಲ್ಲ ಅಂದೆ. ಅವರು ಪೆನ್ನು ಮುಚ್ಚಿಟ್ಟರು.

"ಇದು ಇಡೀ ತಾಲ್ಲೂಕಿನ ಗುರುತು ಕಣ್ರೀ."

ಸಾಕ್ಷಿ

ಮುತ್ತಜ್ಜ ಹೊರಟಿದ್ದನ್ನು ಕಂಡವರೊಬ್ಬರು ಹುಣಸಮಾರನಹಳ್ಳಿಯಲ್ಲಿದ್ದಾರೆ ಅಂತ ಸುದ್ದಿ ಬಂತು. ಆ ತಾತ ರೈಲು, ಟೋಪಿ, ಅಳುತ್ತ ನಿಂತ ಹೆಂಡತಿ, ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳಿದರು. ನಾನು ಒಂದೂ ಬಿಡದೆ ಬರೆದುಕೊಂಡೆ. ಕೊನೆಗೆ ಅನುಮಾನ ಬಂದು ವಯಸ್ಸು ಕೇಳಿದರೆ, ಎಪ್ಪತ್ತೆರಡು. ಆಗ ನೀವಿನ್ನೂ ಹುಟ್ಟೇ ಇರಲಿಲ್ಲವಲ್ಲ ಅಂದೆ. ತಾತನಿಗೆ ಬೇಜಾರಾಯಿತು.

"ನಮ್ಮಪ್ಪ ನೋಡಿದ್ದ. ಅಪ್ಪನ ರಾಗಿ ಒಲ ನಂದಾಗೋದಾದ್ರೆ, ಅಪ್ಪ ನೋಡಿದ್ದು ನಂದಲ್ವಾ?"

ಫೋನು

ಕೊನೆಗೆ, ಇಂಥ ಹುಡುಕಾಟದವರ ಗುಂಪೊಂದರಲ್ಲಿ ನಾನು ಮೊಬೈಲಿನಿಂದ ಹಾಕಿದ್ದ ಪ್ರಶ್ನೆಗೆ ಮಲೇಶಿಯಾದಿಂದ ಒಬ್ಬ ಉತ್ತರ ಕೊಟ್ಟ. ತನ್ನ ತಾತ ಯಲಹಂಕದಿಂದ ಸಿಪಾಯಿಯಾಗಿ ಬಂದು, ಯುದ್ಧ ಮುಗಿದ ಮೇಲೆ ರಬ್ಬರ್ ತೋಟದಲ್ಲಿ ನಿಂತುಬಿಟ್ಟವನು. ಹೆಸರೂ ಅದೇ. ವಿಡಿಯೋ ಕಾಲ್ ಮಾಡಿದೆವು. ಅಲ್ಲಿನ ತೋಟದವರ ಹಾಗೆ ಆತನಿಗೂ ಬರುವುದು ತಮಿಳು. ಆರ್.ಟಿ. ನಗರದಲ್ಲಿ ಅಂಗಡಿ ಇಟ್ಟು ತಮಿಳು ಕಲಿತ ಚಿಕ್ಕಪ್ಪನೇ ದುಭಾಷಿ.

ಹಾಗಾದರೆ ಬದುಕಿದ್ದ. ಅಜ್ಜಿಯ ಮುಖ ಗಂಟಿಕ್ಕಿತು. ಯಾಕೆ ವಾಪಸ್ ಬರಲಿಲ್ಲ ಅಂತ ಚಿಕ್ಕಪ್ಪನಿಂದ ಕೇಳಿಸಿದಳು. ಅದು ಆತನಿಗೂ ಗೊತ್ತಿರಲಿಲ್ಲ. ಇನ್ನು ಎಡೆಯ ಮಾತು ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಆತ ಇನ್ನೊಂದು ಹೇಳಿದ. ತಾತ ಸಾಯುವ ಮುಂಚೆ ಮನೆಯವರಿಗೆ ಒಂದು ಕಟ್ಟಪ್ಪಣೆ ಮಾಡಿದ್ದನಂತೆ. ಅಮಾವಾಸ್ಯೆ ದಿನ ನನ್ನ ಮುದ್ದೆ ಎಡೆ ಬೇಗ ಇಟ್ಟುಬಿಡಿ, ಊರಲ್ಲಿ ಮಗಳು ಎಡೆ ಇಟ್ಟುಕೊಂಡು ಕಾಯುತ್ತಿರುತ್ತಾಳೆ, ಅಲ್ಲಿಗೂ ಹೋಗಬೇಕು ಅಂತ. ಚಿಕ್ಕಪ್ಪ ಇದನ್ನು ಕನ್ನಡದಲ್ಲಿ ಎರಡು ಸಲ ಹೇಳಿದರು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, ಅಲ್ಲಿ ಎಡೆಗೆ ಏನೇನು ಬಡಿಸುತ್ತಾರೆ ಕೇಳು ಅಂದಳು. ಮುದ್ದೆಯ ಜೊತೆಗೆ ಕೋಳಿ, ಮೀನು, ಮೊಟ್ಟೆ, ವಡೆ, ಪಾಯಸ, ಆತ ಹೇಳುತ್ತಲೇ ಹೋದ.

"ಅದಕ್ಕೇ ನಮ್ಮನೇಗೆ ತಡವಾಗಿ ಬಂದು ಒಂದ್ ಕುಕ್ಕು ಕುಕ್ಕಿ ಓಗ್ತಿದ್ದಿದ್ದು," ಅಂದಳು ಅಜ್ಜಿ. "ಈ ಸಲ ಅಲ್ಲಿ ವಸಿ ಕಮ್ಮಿ ಬಡ್ಸಕ್ಕೆ ಯೇಳಪ್ಪ."