ಮೈಕು ಗುಂಯ್, ಕರೆಗಂಟೆ ಗಪ್‌ಚುಪ್

"ಮೆಕ್ಯಾನಿಕ್ಕಾ? ನಾನಿರುವಾಗ ಈ ಮನೆಗೆ ಮೆಕ್ಯಾನಿಕ್ ಕಾಲಿಡೋದುಂಟಾ? ಸಂಜೆ ಐದು ಗಂಟೆಯೊಳಗೆ ಈ ಮೈಕಿನಿಂದ ನಿನ್ನ ದನಿ ಜೇನಿನ ಹಾಗೆ ಸುರಿಯುತ್ತೆ, ನೋಡ್ತಿರು," ಎಂದು ಭಾನುವಾರ ಊಟದ ಕೈ ತೊಳೆದವರೇ ರಿಪೇರಿರಾಯರು ಹೆಂಡತಿಯ ಮುಂದೆ ಸಾರಿದರು.

ರಿಪೇರಿರಾಯ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ನೆಂಟರು ನೊಂದು ಇಟ್ಟದ್ದು. ಅವರು ಕೈಯಾಡಿಸಿದ ಮೇಲೆ ಷಡ್ಡಕನ ಮನೆಯ ಟೇಬಲ್ ಫ್ಯಾನು ಇವತ್ತಿಗೂ ಗೋಡೆಗೇ ಗಾಳಿ ಬೀಸುತ್ತಿದೆ.

ಹೆಂಡತಿಗೆ ಗ್ರಂಥಾಲಯದಲ್ಲಿ ಕೆಲಸ. ಬಂದವರಿಗೆಲ್ಲ "ಸದ್ದು ಮಾಡಬೇಡಿ" ಅಂತ ಪಿಸುಗುಟ್ಟಿ ಪಿಸುಗುಟ್ಟಿ ಆಕೆಯ ದನಿಯೇ ಸವೆದುಹೋಗಿತ್ತು. ಕಂಠವೇನೋ ಚೆಂದ. ಊರಿನ ಹೆಂಗಸರ ಹಾಡಿನ ತಂಡಕ್ಕೆ ಸೇರಬೇಕು ಅನ್ನೋದು ಬಹಳ ಹಳೆಯ ಆಸೆ. ಆದರೆ ತಂಡ ನಡೆಸುವ ಹಾಡಿನ ಮೇಡಂ ಈಗಾಗಲೇ ಒಮ್ಮೆ ವಾಪಸ್ ಕಳಿಸಿದ್ದರು. "ಚೆನ್ನಾಗಿ ಹಾಡ್ತೀರಿ ಕಣ್ರೀ, ಆದ್ರೆ ಪಕ್ಕದಲ್ಲಿ ನಿಂತವಳಿಗೆ ಮಾತ್ರ ಕೇಳುತ್ತೆ." ಈಗ ತಂಡದಲ್ಲಿ ಒಂದು ಜಾಗ ಖಾಲಿಯಾಗಿತ್ತು. ಭಾನುವಾರ ಈ ದಾರಿಯಲ್ಲೇ ಬರ್ತೀನಿ, ಐದಕ್ಕೆ ಮನೆಯಲ್ಲೇ ಇನ್ನೊಂದು ಸಲ ಕೇಳ್ತೀನಿ ಎಂದಿದ್ದರು ಮೇಡಂ. ಇದೂ ತಪ್ಪಿದರೆ ಹಾಡೋದನ್ನೇ ಬಿಡೋದು ಅಂತ ಆಕೆ ತೀರ್ಮಾನಿಸಿಯಾಗಿತ್ತು. ಆಸೆಪಟ್ಟೂ ಪಟ್ಟೂ ಸುಸ್ತಾಗಿತ್ತು ಆಕೆಗೆ.

"ದನಿ ಸಣ್ಣದಾದ್ರೇನಂತೆ? ಮೈಕ್ ಇರೋದು ಯಾತಕ್ಕೆ?" ಎಂದರು ರಾಯರು. ಅವರ ಹತ್ತಿರ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ಇತ್ತು, ಅದರ ಹಿಂಭಾಗದಲ್ಲಿ ಮೈಕ್ ಸಿಕ್ಕಿಸುವ ತೂತೂ ಇತ್ತು. ಹೆಂಡತಿ ಹಾಡುತ್ತಾಳೆ, ತಾವು ನುಡಿಸುತ್ತಾರೆ, ಮೇಡಂ ಬೆರಗಾಗಿ ಇಬ್ಬರನ್ನೂ ತಂಡಕ್ಕೆ ಕರೆಯುತ್ತಾರೆ. ಹೀಗೆ ಅವರದೂ ಒಂದು ಒಳಾಸೆ.

ಮತ್ತೆ ಮೈಕ್ ಸಿಕ್ಕಿಸಿದರು. "ಗುಂಯ್ಯ್ಯ್" ಎಂದಿತು ಕೀಬೋರ್ಡ್, ಬೆಳಿಗ್ಗೆಯ ಹಾಗೇ.

"ರೀ, ಹಿಂದೆ ಒಂದು ಸಣ್ಣ ಗುಂಡಿ ಇದೆ. ಅದನ್ನ ಸ್ವಲ್ಪ ತಿರುಗಿಸಿ ನೋಡಿ," ಎಂದಳು ಹೆಂಡತಿ.

"ಅದು ಮೈಕಿನ ವಾಲ್ಯೂಮ್ ಕಣೇ. ಪೂರ್ತಿ ಏರಿಸಿಟ್ಟಿದೀನಿ. ಮೊದಲೇ ನಿನ್ನ ದನಿ ಹೀಗೆ, ಅದನ್ನೂ ಇಳಿಸಿದ್ರೆ ಮೇಡಂಗೆ ಏನು ಕೇಳಿಸಬೇಕು? ರೋಗ ಬುಡದಲ್ಲಿದೆ, ನೀನು ಎಲೆ ಕೀಳು ಅಂತಿದೀಯ. ಹೋಗಿ ರೆಡಿಯಾಗು."

ಆಕೆ ಒಳಗೆ ಹೋದಳು. ವಾದ ಮಾಡೋದಕ್ಕಿಂತ ಬಟ್ಟೆ ಮಡಿಸೋದು ಸುಲಭ ಅಂತ ಸಂಸಾರ ಆಕೆಗೆ ಎಂದೋ ಕಲಿಸಿತ್ತು.

ರಾಯರು ವೈರು ಬದಲಿಸಿದರು. ಗುಂಯ್. ಫ್ರಿಜ್ಜಿನ ಮೇಲೆ ಅನುಮಾನ ಬಂತು, ಅದನ್ನು ಆರಿಸಿದರು. ಗುಂಯ್. ಫ್ಯಾನು, ಟ್ಯೂಬ್‌ಲೈಟು ಎಲ್ಲ ಆರಿಸಿ, ಕಿಟಕಿಯ ಬೆಳಕಿನಲ್ಲಿ ಬೆವರು ಸುರಿಸುತ್ತಾ ಕೂತರು. ಆಗ ಗುಂಯ್ ಜೊತೆಗೆ "ಟರ್ ಟರ್ ಟರ್" ಅಂತ ಹೊಸದೊಂದು ಸದ್ದು ಸೇರಿಕೊಂಡಿತು. ಕೀಬೋರ್ಡಿನ ಪಕ್ಕ ಇಟ್ಟಿದ್ದ ಮೊಬೈಲಿಗೆ ಯಾರೋ ಫೋನ್ ಮಾಡುತ್ತಿದ್ದರು. ತಮ್ಮದು, ಹೆಂಡತಿಯದು ಎರಡೂ ಮೊಬೈಲ್ ಸ್ವಿಚ್ ಆಫ್ ಮಾಡಿ ದಿಂಬಿನ ಕೆಳಗೆ ತುರುಕಿ ಬಂದರು. ಟರ್ ಟರ್ ನಿಂತಿತು, ಗುಂಯ್ ನಿಲ್ಲಲಿಲ್ಲ.

ಕೊನೆಗೆ ಉಳಿದ ಅಪರಾಧಿ ಒಂದೇ, ಕರೆಂಟು. ಕರೆಂಟಿನಿಂದಲೇ ಗುಂಯ್, ಕೀಬೋರ್ಡನ್ನು ಬ್ಯಾಟರಿ ಸೆಲ್ಲಿನ ಮೇಲೆ ಓಡಿಸಿದರೆ ಮಂಗಮಾಯ! ಅದಕ್ಕೆ ಬೇಕಾದಷ್ಟು ಸೆಲ್ಲು ಮನೆಯಲ್ಲಿರಲಿಲ್ಲ. ಇರಲಿಲ್ಲ ಅಂದರೆ ಡಬ್ಬಿಯಲ್ಲಿರಲಿಲ್ಲ ಅಷ್ಟೇ. ಗೋಡೆ ಗಡಿಯಾರದಲ್ಲಿತ್ತು, ಟಿವಿ ರಿಮೋಟಿನಲ್ಲಿತ್ತು, ಅಲಾರಂನಲ್ಲಿತ್ತು. ಇನ್ನೂ ಸಾಲದಾದಾಗ ಬಾಗಿಲ ಕರೆಗಂಟೆಯ ಮುಚ್ಚಳ ತೆಗೆದರು. "ಭಾನುವಾರ ಯಾರು ಬರ್ತಾರೆ?" ಎಂದು ತಮಗೆ ತಾವೇ ಹೇಳಿಕೊಂಡರು. ಈ ಬಡಿವಾರವೆಲ್ಲ ಮೇಡಂ ಬರ್ತಾರೆ ಅಂತಲೇ ಶುರುವಾದದ್ದು ಅನ್ನೋದು ಆ ಘಳಿಗೆಯಲ್ಲಿ ಅವರ ತಲೆಯಿಂದ ಪೂರ್ತಿ ಜಾರಿಹೋಗಿತ್ತು.

ಸೆಲ್ಲು ತುಂಬಿದರು, ಸ್ವಿಚ್ ಒತ್ತಿದರು. "ಗುಂಯ್ಯ್ಯ್."

"ಹಲೋ, ಹಲೋ," ಎಂದರು ಮೈಕಿಗೆ, ಬೇಡಿಕೊಳ್ಳುವ ದನಿಯಲ್ಲಿ. ಮೈಕು "ಕುಂಯ್ಯ್" ಎಂದು ಚೀರಿತು. ಹಲೋ ಅಂದಷ್ಟೂ ಚೀರಾಟ ಜಾಸ್ತಿಯಾಯಿತು. ಎಷ್ಟು ಹೊತ್ತು ಹಾಗೇ ಹಲೋ ಅಂದರೋ ಅವರಿಗೇ ಗೊತ್ತಿಲ್ಲ.

ಒಳ್ಳೆಯ ಸೀರೆಯುಟ್ಟು, ತಲೆ ಬಾಚಿಕೊಂಡು ಹೆಂಡತಿ ಬಂದಳು. "ಗಂಟೆ ಎಷ್ಟಾಯ್ತು?"

"ಗಡಿಯಾರ ನೋಡು, ಇನ್ನೂ ನಾಲ್ಕೂ ಆಗಿಲ್ಲ."

"ಗಡಿಯಾರ ನಿಂತಿದೆಯಲ್ರೀ. ನನ್ನ ಫೋನೆಲ್ಲಿ?"

ದಿಂಬಿನ ಕೆಳಗಿನಿಂದ ಫೋನು ತೆಗೆದು ಸ್ವಿಚ್ ಹಾಕಿದಳು. ಐದು ದಾಟಿ ಹತ್ತು ನಿಮಿಷವಾಗಿತ್ತು. ಮೇಡಂ ಕಳಿಸಿದ್ದ ಸಾಲು ಆಗಷ್ಟೇ ಬಂದು ಬಿತ್ತು. 'ಬೆಲ್ ಒತ್ತಿದೆ, ಫೋನ್ ಮಾಡಿದೆ. ಒಳಗೆ ಏನೋ ಚೀರ್ತಿದೆ, ಬಾಗಿಲು ಮಾತ್ರ ಯಾರೂ ತೆಗೀತಿಲ್ಲ. ಹೊರಡ್ತೀನಿ.'

ಆಕೆ ಆ ಸಾಲು ಓದಿದಳು. ಆಮೇಲೆ ಕರೆಗಂಟೆಯ ಹೊಟ್ಟೆ ಬಗೆದಿದ್ದನ್ನು ನೋಡಿದಳು, ಫ್ರಿಜ್ಜಿನ ಕೆಳಗೆ ಹರಿದಿದ್ದ ನೀರನ್ನು ನೋಡಿದಳು. ಅಷ್ಟು ವರ್ಷ ಗ್ರಂಥಾಲಯದಲ್ಲಿ ಅದುಮಿಟ್ಟುಕೊಂಡಿದ್ದದ್ದು ಒಮ್ಮೆಲೇ ಕಟ್ಟೆಯೊಡೆಯಿತು.

"ಗಡಿಯಾರ ಬಿಡಲಿಲ್ಲ, ಗಂಟೆ ಬಿಡಲಿಲ್ಲ, ಫ್ರಿಜ್ಜು ಬಿಡಲಿಲ್ಲ! ಜೀವ ಇರೋ ಒಂದೇ ಒಂದು ವಸ್ತು ಉಳಿಸಿದೀರಾ ಈ ಮನೇಲಿ? ಜನ್ಮಕ್ಕೊಂದು ಆಸೆ ಇಟ್ಕೊಂಡಿದ್ದೆ ಕಣ್ರೀ ನಾನು! ಬಾಗಿಲ ತನಕ ಬಂದಿದ್ದು ವಾಪಸ್ ಹೋಯ್ತು! ಗುಂಡಿ ತಿರುಗಿಸಿ ಅಂದೆ, ಒಂದು ಗುಂಡಿ!"

ಕಿಟಕಿಯ ಗಾಜು ನಡುಗಿತು. ರಾಯರು ಮೈಕನ್ನು ಎದೆಗವಚಿಕೊಂಡು ಸೋಫಾದ ಮೂಲೆ ಸೇರಿದರು. ನಿಜಕ್ಕೂ ಸಂಕಟವಾಯಿತು ಅವರಿಗೆ. ಫ್ಯಾನು ಕೆಟ್ಟರೆ ಹೊಸದು ತರಬಹುದು, ಇದಕ್ಕೆ ಏನು ತರೋದು? ಆಕೆ ಬೈದು ಮುಗಿಸಿ ನೆಲದ ಮೇಲೇ ಕೂತುಬಿಟ್ಟಳು.

ಅಷ್ಟರಲ್ಲಿ ಯಾರೋ ಕಿಟಕಿ ತಟ್ಟಿದರು. ನೋಡಿದರೆ ಹಾಡಿನ ಮೇಡಂ, ಏದುಸಿರು ಬಿಡುತ್ತಾ ನಿಂತಿದ್ದಾರೆ.

"ಬೀದಿ ತುದಿಗೆ ಹೋಗಿಬಿಟ್ಟಿದ್ದೆ ಕಣ್ರೀ," ಎಂದರು ಒಳಗೆ ಬಂದು. "ಅಲ್ಲೀವರೆಗೂ ಕೇಳಿಸ್ತು. ಯಾರದಪ್ಪಾ ಈ ಕಂಠ ಅಂತ ಹುಡುಕ್ಕೊಂಡು ಬಂದೆ. ಏನು ಉಸಿರು, ಏನು ಏರು! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ? ಬುಧವಾರದಿಂದ ಅಭ್ಯಾಸಕ್ಕೆ ಬನ್ನಿ."

ಹೆಂಡತಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಎರಡೂ ಬಂತು. ಮೇಡಂ ಇನ್ನೂ ಗುಂಯ್‌ಗುಡುತ್ತಿದ್ದ ಕೀಬೋರ್ಡಿನ ಕಡೆ ನೋಡಿ, ಬಗ್ಗಿ, ಹಿಂದಿದ್ದ ಸಣ್ಣ ಗುಂಡಿಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದರು. ಸದ್ದು ನಿಂತುಹೋಯಿತು. ಹೆಂಡತಿ ಗಂಡನ ಮುಖ ನೋಡಿದಳು.

ರಾಯರು ಉಳಿದಿದ್ದ ಚೂರುಪಾರು ಮರ್ಯಾದೆಯನ್ನು ಒಟ್ಟುಗೂಡಿಸಿಕೊಂಡು ಕೇಳಿದರು. "ಮೇಡಂ, ಬುಧವಾರ ನಾನೂ ಕೀಬೋರ್ಡ್ ತರಲಾ?"

"ಕೀಬೋರ್ಡ್ ಬೇಡ," ಎಂದರು ಮೇಡಂ. "ನೀವೊಬ್ಬರೇ ಬನ್ನಿ. ಮುಂದಿನ ಸಾಲಿನಲ್ಲಿ, ಇವರ ಕಣ್ಣಿಗೆ ಬೀಳೋ ಹಾಗೆ ಕೂತ್ಕೊಳ್ಳಿ. ಇವರ ದನಿ ಇಳೀತಿದೆ ಅನ್ನಿಸಿದಾಗೆಲ್ಲ ಏನಾದ್ರೂ ಒಂದು ಸ್ಕ್ರೂ ಬಿಚ್ಚಿ, ಸಾಕು."